ಪಾತ್ರ ಸಿಗ್ತಿಲ್ವಾ? ಪೀಟರ್ ಕಪಾಲ್ಡಿ ಹಾಗೆ ನೀವೇ ಬರೆದುಕೊಳ್ಳಿ

ತುಮಕೂರಿನಲ್ಲಿ ನಟನೆಯ ಹುಚ್ಚಿರುವವರಿಗೆ ಕೊರತೆ ಇಲ್ಲ. ಗುಬ್ಬಿ ವೀರಣ್ಣನವರ ಜಿಲ್ಲೆ ಇದು, ಹುಚ್ಚು ಇರಲೇಬೇಕು ಬಿಡಿ. ಆದರೆ ಆಡಿಷನ್ ಅಂತ ಬೆಳಗ್ಗೆ ಯಶವಂತಪುರದ ರೈಲು ಹತ್ತಿ, ಯಾರದೋ ಆಫೀಸಿನ ಮೆಟ್ಟಿಲ ಮೇಲೆ ಕಾದು, 'ಫೋನ್ ಮಾಡ್ತೀವಿ' ಅನ್ನುವ ಮಾತು ಕೇಳಿಸಿಕೊಂಡು ರಾತ್ರಿ ವಾಪಸ್ ಬರುವುದರಲ್ಲೇ ಎಷ್ಟೋ ಜನರ ಒಳ್ಳೆ ವರ್ಷಗಳು ಕಳೆದುಹೋಗುತ್ತಿವೆ. ಅವರಿಗೆ ಸ್ಕಾಟ್ಲೆಂಡಿನ ನಟ ಪೀಟರ್ ಕಪಾಲ್ಡಿ ಹಿಡಿದ ದಾರಿ ಹೇಳಬೇಕು ಅನ್ನಿಸಿತು.

ಕಪಾಲ್ಡಿ ಹುಟ್ಟಿದ್ದು 1958ರಲ್ಲಿ, ಗ್ಲ್ಯಾಸ್ಗೋ ನಗರದಲ್ಲಿ. ಇಟಲಿ ಮೂಲದ, ಐಸ್‌ಕ್ರೀಂ ವ್ಯಾಪಾರದ ಮನೆತನ. ಓದಿದ್ದು ಕಲಾಶಾಲೆಯಲ್ಲಿ, ನಾಟಕ ಶಾಲೆಯಲ್ಲಲ್ಲ. 1983ರ 'ಲೋಕಲ್ ಹೀರೋ' ಸಿನಿಮಾದಲ್ಲಿ ಬರ್ಟ್ ಲ್ಯಾಂಕಾಸ್ಟರ್‌ನಂಥ ದೊಡ್ಡ ನಟನ ಜೊತೆ ಒಳ್ಳೆ ಪಾತ್ರ ಸಿಕ್ಕಿತು. ಆಮೇಲೆ ವರ್ಷಗಟ್ಟಲೆ ಪೋಷಕ ಪಾತ್ರಗಳೇ ಜಾಸ್ತಿ. ಆಗ ಅವರು ಪೆನ್ನು ಹಿಡಿದರು.

ಮೊದಲು ಬರೆದದ್ದು ತನಗೆ ಗೊತ್ತಿದ್ದ ಮನೆಯ ಕಥೆಯನ್ನೇ. 'ಸಾಫ್ಟ್ ಟಾಪ್ ಹಾರ್ಡ್ ಶೋಲ್ಡರ್' ಅಂತ. ಲಂಡನ್ನಿನಲ್ಲಿ ಕೆಲಸ ಕೈಹತ್ತದ ಒಬ್ಬ ಚಿತ್ರಕಲಾವಿದ ಹಳೇ ಕಾರಿನಲ್ಲಿ ಗ್ಲ್ಯಾಸ್ಗೋಗೆ, ಅಪ್ಪನ ಹುಟ್ಟುಹಬ್ಬಕ್ಕೆ ಹೊರಡುತ್ತಾನೆ. ಅವನ ಮನೆಯೂ ಇಟಲಿ ಮೂಲದ ಐಸ್‌ಕ್ರೀಂ ಮನೆಯೇ. ನಾಯಕ ಕಪಾಲ್ಡಿ, ಜೊತೆಗೆ ಅವರ ಹೆಂಡತಿ ಇಲೇನ್ ಕಾಲಿನ್ಸ್. ನೀವೂ ಇಲ್ಲಿಂದಲೇ ಶುರು ಮಾಡಿ. ಬೆಂಗಳೂರಿನ ಪೊಲೀಸ್, ರೌಡಿ ಕಥೆ ನಿಮಗ್ಯಾಕೆ? ತಿಪಟೂರಿನ ಕಡೆಯವರಾದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿ ನೋಡಿರುತ್ತೀರಿ. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಲೊಡ ಅನ್ನುತ್ತೆ, ಅಂದರೆ ಕೊಬ್ಬರಿ ಆಗಿದೆ ಅಂತ. ಮಂಡಿಯಲ್ಲಿ ರೇಟು ಏರಲಿ ಅಂತ ಕಾಯುವ ಅಪ್ಪ, ಈಗಲೇ ಮಾರಿ ಫೀಸು ಕಟ್ಟು ಅನ್ನುವ ಮಗಳು. ಇಷ್ಟು ಸಾಕು, ಒಂದು ಸಿನಿಮಾಕ್ಕೆ.

ಇನ್ನು ಜಾಗ ಕಡಿಮೆ ಮಾಡಿಕೊಳ್ಳುವುದು. ಇದೇ ಮುಖ್ಯ. ಕಪಾಲ್ಡಿಗೆ ಆಸ್ಕರ್ ತಂದುಕೊಟ್ಟದ್ದು ಅವರು ಬರೆದು ನಿರ್ದೇಶಿಸಿದ ಅರ್ಧ ಗಂಟೆಯೂ ಇಲ್ಲದ ಕಿರುಚಿತ್ರ, 'ಫ್ರಾಂಜ್ ಕಾಫ್ಕಾಸ್ ಇಟ್ಸ್ ಎ ವಂಡರ್‌ಫುಲ್ ಲೈಫ್'. ಬೆಳಗ್ಗೆ ಏಳುವಷ್ಟರಲ್ಲಿ ಹುಳುವಾಗಿಬಿಟ್ಟ ಮನುಷ್ಯನ ಪ್ರಸಿದ್ಧ ಕಥೆ ಬರೆದ ಲೇಖಕ ಕಾಫ್ಕಾ. ಕ್ರಿಸ್‌ಮಸ್ ಹಿಂದಿನ ರಾತ್ರಿ ಆತ ಆ ಕಥೆಯ ಮೊದಲ ಸಾಲು ಬರೆಯಲು ಒದ್ದಾಡುತ್ತಿದ್ದಾನೆ. ನಾಯಕ ಬೆಳಗ್ಗೆ ಎದ್ದಾಗ ಏನಾಗಿ ಬದಲಾಗಿದ್ದ? ಬಾಳೆಹಣ್ಣಾ? ಕಾಂಗರೂನಾ? ಅಷ್ಟರಲ್ಲಿ ಯಾರೋ ಒಬ್ಬರು ತೊಂದರೆ ಕೊಡುತ್ತಲೇ ಇರುತ್ತಾರೆ. ಹೆಚ್ಚುಕಮ್ಮಿ ಒಂದು ಕೋಣೆ, ಒಂದು ಕಟ್ಟಡ, ಒಂದು ರಾತ್ರಿ. 1995ರಲ್ಲಿ ಇನ್ನೊಂದು ಚಿತ್ರದ ಜೊತೆ ಸಮನಾಗಿ ಪ್ರಶಸ್ತಿ ಹಂಚಿಕೊಂಡಿತು. ನೀವು ಬರೆಯುವಾಗಲೂ ಇಷ್ಟೇ ಕೇಳಿಕೊಳ್ಳಿ: ಈ ಮನುಷ್ಯನಿಗೆ ಈಗ ಏನು ಬೇಕು, ಅದಕ್ಕೆ ಅಡ್ಡ ಬರುವವರು ಯಾರು? ಬಾಗಿಲು ಬಡಿಯುವವರು ಮೂರು ಜನ ಇದ್ದರೆ ಕಥೆ ತಾನಾಗೇ ನಡೆಯುತ್ತೆ. ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಲೆಕ್ಕ. ಹತ್ತು ಪುಟ ದಾಟಬೇಡಿ.

ಕ್ಯಾಮೆರಾಕ್ಕೆ ಸಾಲ ಮಾಡಬೇಡಿ, ಕೈಯಲ್ಲಿರುವ ಫೋನ್ ಸಾಕು. ದುಡ್ಡಿದ್ದರೆ ಮೈಕಿಗೆ ಹಾಕಿ. ಕಿರುಚಿತ್ರಗಳು ಸೋಲುವುದು ಹೆಚ್ಚಾಗಿ ಸದ್ದಿನಲ್ಲೇ. ಫ್ಯಾನ್, ಫ್ರಿಜ್ ಆರಿಸಿ. ಖಾಲಿ ಕೋಣೆ ಗುಯ್ ಅಂತಿದ್ದರೆ ಕ್ಯಾಮೆರಾ ಹಿಂದೆ ಕಂಬಳಿ, ರಗ್ಗು ನೇತುಹಾಕಿ. ಕ್ಯಾತಸಂದ್ರದ ಹೈವೇ ಪಕ್ಕದ ಮನೆಯಾದರೆ ಲಾರಿ ಹಾರ್ನ್ ತಪ್ಪಿಸೋಕೆ ಆಗಲ್ಲ, ಆದ್ದರಿಂದ ಆ ಹಾರ್ನನ್ನು ಕಥೆಯೊಳಗೇ ಸೇರಿಸಿ, ಇಲ್ಲವೇ ಒಳಕೋಣೆಗೆ ಹೋಗಿ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ನೆ ನಿಂತು ಅರ್ಧ ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ಖಾಲಿ ಜಾಗ ತುಂಬಿ ಅದೇ ಕಾಪಾಡುತ್ತೆ. ಬೆಳಕಿಗೆ ಕಿಟಕಿ ಇದೆ.

ಮುಖ್ಯ ಪಾತ್ರ ನೀವೇ ಮಾಡಿ, ನಾಚಿಕೆ ಬೇಡ. ಬರೆದದ್ದೇ ಅದಕ್ಕೆ ಅಲ್ವಾ?

ಒಂದು ಚಿತ್ರಕ್ಕೇ ಎಲ್ಲ ಬದಲಾಗುತ್ತೆ ಅಂದುಕೊಳ್ಳಬೇಡಿ. ಆಸ್ಕರ್ ಬಂದ ಹತ್ತು ವರ್ಷಕ್ಕೆ, 2005ರಲ್ಲಿ, 'ದಿ ಥಿಕ್ ಆಫ್ ಇಟ್' ಟಿವಿ ಸರಣಿಯ ಬೈಗುಳದ ಮಾಲ್ಕಂ ಟಕರ್ ಪಾತ್ರ ಕಪಾಲ್ಡಿಯನ್ನು ಬ್ರಿಟನ್ನಿನ ಮನೆಮಾತು ಮಾಡಿತು. ಹುಡುಗನಾಗಿದ್ದಾಗ ಪತ್ರಿಕೆಗೆ ಅಭಿಮಾನದ ಪತ್ರ ಬರೆದಿದ್ದ 'ಡಾಕ್ಟರ್ ಹೂ' ಸರಣಿಗೆ ತಾನೇ ನಾಯಕನಾದಾಗ ವಯಸ್ಸು 55. ಈ ಮಧ್ಯೆ ಬರೆಯುವುದನ್ನೂ ನಿಲ್ಲಿಸಲಿಲ್ಲ, 2001ರಲ್ಲಿ ಇನ್ನೊಂದು ಸಿನಿಮಾ ತಾವೇ ಬರೆದು ನಿರ್ದೇಶಿಸಿದರು.

ಚಿತ್ರ ಮುಗಿದ ಮೇಲೆ ಕಿರುಚಿತ್ರೋತ್ಸವಗಳಿಗೆ ಕಳಿಸಿ, ನಮಗೆ ಹತ್ತಿರ ಅಂದರೆ ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ. ಆಸ್ಕರ್ ಲೆಕ್ಕದಲ್ಲಿ ತೆರೆ ಮೇಲೆ ಬರುವ ಕಲಾವಿದರ, ತಂತ್ರಜ್ಞರ ಹೆಸರುಗಳೂ ಸೇರಿ 40 ನಿಮಿಷದೊಳಗಿದ್ದರೆ ಅದು ಕಿರುಚಿತ್ರ. ನಮ್ಮ ಕಡೆಯ ಮಾತು ಹಾಗೇ ಇರಲಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಕಳಿಸುವ ಮುಂಚೆ ಕನ್ನಡ ಬಾರದ ಒಬ್ಬರನ್ನು ಕೂರಿಸಿ ತೋರಿಸಿ, ಎಲ್ಲಿ ಅವರಿಗೆ ಅರ್ಥವಾಗಲಿಲ್ಲವೋ ಅಲ್ಲಿ ತಿದ್ದಿ.