ಬ್ಯೂಪ್ರೆನಾರ್ಫಿನ್ ಬರೆಯಲು ನಾನು ಕಲಿತ ಬಗೆ

ನಾನು ಅಮೆರಿಕದ ಓಹಾಯೊದಲ್ಲಿ ಫ್ಯಾಮಿಲಿ ಡಾಕ್ಟರ್. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ (ಅಫೀಮಿನ ಬಗೆಯ ಔಷಧ, ಮಾದಕಗಳ) ಚಟ ಬಿಡಿಸಲು ಕೊಡುವ ಔಷಧ ಬ್ಯೂಪ್ರೆನಾರ್ಫಿನ್. ಊರಲ್ಲಿ ಎಂಬಿಬಿಎಸ್ ಮುಗಿಸಿ ರೆಸಿಡೆನ್ಸಿಗೆಂದು (ಆಸ್ಪತ್ರೆಯಲ್ಲಿನ ಉನ್ನತ ತರಬೇತಿಗೆ) ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರು ಈಗಲೂ ಕೇಳುತ್ತಾರೆ: "ಸರ್, ಬ್ಯೂಪ್ರೆನಾರ್ಫಿನ್ ಬರೆಯೋಕೆ ಎಕ್ಸ್ ವೇವರ್ ತಗೋಬೇಕಾ?" ಬೇಡ. ಎಕ್ಸ್ ವೇವರ್ ಎಂದರೆ ಈ ಔಷಧ ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಅನುಮತಿ. 2022ರ ಡಿಸೆಂಬರ್ ಕೊನೆಯಲ್ಲಿ ಬಂದ ಕಾನೂನು ಅದನ್ನು ತೆಗೆದುಹಾಕಿತು.

ನಾನು ಶುರು ಮಾಡಿದಾಗ ಅದಿಲ್ಲದೆ ಆಗುತ್ತಲೇ ಇರಲಿಲ್ಲ. 2000ದ ಕಾಯ್ದೆಯಂತೆ ಎಂಟು ಗಂಟೆ ತರಬೇತಿ ಮುಗಿಸಿ ಅರ್ಜಿ ಹಾಕಿದೆ. ಅನುಮತಿ ಸಿಕ್ಕ ಮೇಲೂ ಆರಂಭದಲ್ಲಿ ಏಕಕಾಲಕ್ಕೆ 30 ರೋಗಿಗಳಿಗಷ್ಟೇ ಈ ಔಷಧ ಕೊಡಬಹುದಿತ್ತು. ಜೊತೆಯಲ್ಲಿದ್ದ ನರ್ಸ್ ಪ್ರಾಕ್ಟೀಷನರ್‌ಗೆ (ಔಷಧ ಬರೆಯಬಲ್ಲ, ಹೆಚ್ಚು ಓದಿದ ನರ್ಸ್) 24 ಗಂಟೆ ತರಬೇತಿ. ಚಟ ಹತ್ತಿಸಬಲ್ಲ ನೋವಿನ ಮಾತ್ರೆ ಆಕ್ಸಿಕೋಡೋನ್ ಬರೆಯಲು ಕೇಂದ್ರ ಕಾನೂನು ಒಂದು ಗಂಟೆಯ ಪಾಠವನ್ನೂ ಕೇಳುತ್ತಿರಲಿಲ್ಲ. ಆ ಚಟದಿಂದ ಬಿಡಿಸುವ ಔಷಧಕ್ಕೆ ಇಷ್ಟೆಲ್ಲ ಬೇಲಿ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಈಗ ನಿಯಮ ಸರಳ. 2023ರ ಜೂನ್ 27ರಿಂದ, ಡಿಇಎ (ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ ಹೊಸದಾಗಿ ಮಾಡಿಸುವಾಗ ಅಥವಾ ನವೀಕರಿಸುವಾಗ, ವ್ಯಸನ ಚಿಕಿತ್ಸೆಯ ಬಗ್ಗೆ ಎಂಟು ಗಂಟೆ ಕಲಿತಿದ್ದೇನೆ ಎಂದು ಒಂದು ಸಲ ದೃಢೀಕರಿಸಬೇಕು. ಪಶುವೈದ್ಯರನ್ನು ಬಿಟ್ಟು ಎಲ್ಲರಿಗೂ ಇದು ಅನ್ವಯ. ಬಿಡಿಬಿಡಿಯಾಗಿ ಮಾಡಿದ ಕೋರ್ಸುಗಳನ್ನೂ ಕೂಡಿಸಬಹುದು. ವೇವರ್‌ಗಾಗಿ ಪಡೆದ ಹಳೆಯ ತರಬೇತಿಯೂ ನಡೆಯುತ್ತದೆ, ನನ್ನದು ಹಾಗೇ ಆಯಿತು. ಇತ್ತೀಚೆಗೆ ಪದವಿ ಪಡೆದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದು ಅಮೆರಿಕದ ಕಾಲೇಜಿನಲ್ಲಿ ಓದಿದವರಿಗೆ. ಮೈಸೂರು, ಹುಬ್ಬಳ್ಳಿಯಲ್ಲಿ ಓದಿ ಬಂದವರು ಅದನ್ನು ನಂಬಿ ಕೂರಬೇಡಿ. ವೈದ್ಯರಿಗೆ ತರಬೇತಿ ಕೊಡುವ ಪಿಸಿಎಸ್‌ಎಸ್ ಎಂಬ ಕಾರ್ಯಕ್ರಮದಲ್ಲಿ ಉಚಿತ ಕೋರ್ಸುಗಳಿವೆ, ಪ್ರಮಾಣಪತ್ರ ಜೋಪಾನವಾಗಿಡಿ.

ಮೊದಲ ಡೋಸ್ ಕೊಡುವ ಧೈರ್ಯ ಮಾತ್ರ ನನಗೆ ಬಂದದ್ದು ಅನುಭವಿ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಕೂತು ನೋಡಿದ ಮೇಲೆ. ಈ ಔಷಧ ಮೆದುಳಿನ ಓಪಿಯಾಯ್ಡ್ ಗ್ರಾಹಕಗಳನ್ನು ಬಲವಾಗಿ ಹಿಡಿಯುತ್ತದೆ, ಆದರೆ ಅರೆಬರೆಯಾಗಿ ಮಾತ್ರ ಪ್ರಚೋದಿಸುತ್ತದೆ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗಲೇ ಕೊಟ್ಟರೆ ಅದನ್ನು ಒಮ್ಮೆಲೇ ತಳ್ಳಿಹಾಕಿ, ರೋಗಿಯನ್ನು ತೀವ್ರ ವಿತ್‌ಡ್ರಾವಲ್‌ಗೆ (ಮಾದಕ ನಿಂತಾಗ ಮೈ ಪಡುವ ಯಾತನೆಗೆ) ನೂಕುತ್ತದೆ. ಅದಕ್ಕೇ ವಿತ್‌ಡ್ರಾವಲ್ ತಾನಾಗಿಯೇ ಶುರುವಾಗುವವರೆಗೆ ಕಾಯಬೇಕು. ನಾಡಿ, ಬೆವರು, ಕಣ್ಣಿನ ಪಾಪೆ, ಆಕಳಿಕೆ, ಮೈ ನವಿರೇಳುವುದು ಎಲ್ಲವನ್ನೂ ನೋಡಿ ಕೌಸ್ ಅಂಕ (ವಿತ್‌ಡ್ರಾವಲ್ ಎಷ್ಟು ತೀವ್ರ ಎಂದು ಅಳೆಯುವ ಅಂಕ) ಹಾಕುವುದನ್ನು ಆ ಸಹೋದ್ಯೋಗಿ ಹೇಳಿಕೊಟ್ಟರು. ಫೆಂಟನಿಲ್ ಎಂಬ ಕೃತಕ ಓಪಿಯಾಯ್ಡ್ ಬಂದ ಮೇಲೆ ಕಾಯುವ ಲೆಕ್ಕವೂ ಕಷ್ಟವಾಗಿದೆ. ಅದು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ, ಹೀಗಾಗಿ ಕೆಲವರಿಗೆ ತೀರಾ ಸಣ್ಣ ಡೋಸ್‌ಗಳಿಂದ ಶುರು ಮಾಡುತ್ತೇನೆ.

ಮಾತ್ರೆಯನ್ನು ನುಂಗಬಾರದು, ನಾಲಿಗೆ ಕೆಳಗೆ ಕರಗಲು ಬಿಡಬೇಕು. ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಹಲ್ಲು ಹಾಳಾಗಬಹುದು. ಇದನ್ನು ಪ್ರತಿಯೊಬ್ಬರಿಗೂ ನಾನೇ ಹೇಳುತ್ತೇನೆ.

ಚೀಟಿ ಬರೆದರೂ ಔಷಧ ಸಿಗದ ದಿನಗಳಿವೆ. ಎಷ್ಟೋ ಫಾರ್ಮಸಿಗಳು ದಾಸ್ತಾನು ಇಡುವುದಿಲ್ಲ. ವಿತ್‌ಡ್ರಾವಲ್‌ನಲ್ಲಿ ನಡುಗುತ್ತಿರುವ ಮನುಷ್ಯನನ್ನು ಅಂಗಡಿಯಿಂದ ಅಂಗಡಿಗೆ ಅಲೆಸಿದರೆ ಅವನು ಮತ್ತೆ ಫೆಂಟನಿಲ್ ಮಾರುವವನ ಹತ್ತಿರವೇ ಹೋಗುತ್ತಾನೆ. ಹಾಗಾಗಿ ರೋಗಿ ನನ್ನೆದುರು ಕೂತಿರುವಾಗಲೇ ಫಾರ್ಮಸಿಗೆ ಫೋನ್ ಮಾಡಿ, ಸ್ಟಾಕ್ ಇದೆ ಎಂದು ಖಾತ್ರಿಯಾದ ಮೇಲೆಯೇ ಕಳಿಸುತ್ತೇನೆ.