ಚಿಯಾಂಗ್ ಮಾಯ್‌ನ ವಾರಾಂತ್ಯದ ಸಂತೆಗಳಲ್ಲಿ: ನಾನು ನೋಡಿದ, ಕೊಂಡ, ಉಂಡ ಕ್ರಮ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರಕ್ಕೆ ಹೋಗುವವರಲ್ಲಿ ಬಹುಪಾಲು ಜನ ಭಾನುವಾರ ಸಂಜೆ ಹಳೆಯ ಊರಿನೊಳಗೆ ಕೂಡುವ ದೊಡ್ಡ ಸಂತೆಯೊಂದನ್ನೇ ನೋಡಿ ಮರಳುತ್ತಾರೆ. ಮೈಸೂರಿನಲ್ಲಿ ಕೈಮಗ್ಗದ ಬಟ್ಟೆಯ ಚಿಕ್ಕ ಅಂಗಡಿ ನಡೆಸುತ್ತಿರುವ ನನಗೆ ಅಷ್ಟು ಸಾಲದೆನಿಸಿತು. ಒಂದು ವಸ್ತುವನ್ನು ಮಾಡುವ ಜಾಗವನ್ನು ಹಗಲಿನಲ್ಲಿ ನೋಡಿದ ಮೇಲೆ ಸಂಜೆ ಅದೇ ವಸ್ತುವನ್ನು ಸಂತೆಯಲ್ಲಿ ಎದುರುಗೊಂಡರೆ ಬೆಲೆಯೂ ಗುಣವೂ ತಾವಾಗಿಯೇ ತಿಳಿಯುತ್ತವೆಂಬುದು ನನ್ನ ವೃತ್ತಿ ಕಲಿಸಿದ ಪಾಠ. ಆದ್ದರಿಂದ ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗಿನ ಸಮಯವನ್ನು ಒಂದೇ ಸುತ್ತೆಂದು ಎಣಿಸಿ, ಅದಕ್ಕೆ ತಕ್ಕಂತೆ ತಿರುಗಾಡಿದೆ.

ಶನಿವಾರದ ಸಂತೆ ನಡೆಯುವುದು ಹಳೆಯ ಊರಿನ ದಕ್ಷಿಣದ ಬಾಗಿಲಾದ ಚಿಯಾಂಗ್ ಮಾಯ್ ಗೇಟಿನ ಹೊರಗಿರುವ ವೂವಾಲಾಯ್ ರಸ್ತೆಯಲ್ಲಿ. ಇದು ಬೆಳ್ಳಿ ಕೆಲಸದವರ ಕೇರಿ. ಬರ್ಮಾದ ಆಳ್ವಿಕೆಯ ಕೊನೆಯಲ್ಲಿ ಪಾಳುಬಿದ್ದಿದ್ದ ನಗರವನ್ನು ಕಾವಿಲ ದೊರೆ 1796ರಲ್ಲಿ ಮತ್ತೆ ನೆಲೆಗೊಳಿಸಿದ. ಅವನ ಕಾಲದಲ್ಲಿ ಸಾಲ್ವಿನ್ ನದಿಯ ಕಡೆಯಿಂದ ಕರೆತಂದು ಇಲ್ಲಿ ಇರಿಸಿದ ಕುಶಲಕರ್ಮಿಗಳ ವಂಶದವರೇ ಈ ಕೇರಿಯವರೆಂದು ಹೇಳುತ್ತಾರೆ. ನಾನು ಸಂಜೆಯವರೆಗೆ ಕಾಯದೆ ಮಧ್ಯಾಹ್ನವೇ ಹೋಗಿ ವಾಟ್ ಶ್ರೀಸುಫನ್ ದೇವಾಲಯದ ಆವರಣದಲ್ಲಿರುವ ಕಾರ್ಯಾಗಾರದ ಎದುರು ಬಹಳ ಹೊತ್ತು ಕುಳಿತೆ. ಲೋಹದ ತಗಡನ್ನು ರಾಳದ ಹಾಸಿನ ಮೇಲೆ ಕೂರಿಸಿ, ಮೊದಲು ಹಿಂಬದಿಯಿಂದ ಹೊಡೆದು ಆಕೃತಿಯನ್ನು ಉಬ್ಬಿಸಿ, ಆಮೇಲೆ ತಗಡನ್ನು ಮಗುಚಿ ಸಣ್ಣ ಚಾಣಗಳಿಂದ ಗೆರೆ, ಗರಿ, ಕಣ್ಣುಗಳನ್ನು ತಿದ್ದುತ್ತಾರೆ. ಈ ದೇವಾಲಯದ ಮುಖ್ಯ ಮಂದಿರದ ಒಳಹೊರಗೆಲ್ಲ ಇದೇ ಕೆಲಸ ಹೊದಿಸಿದೆ. ಎಲ್ಲವೂ ಬೆಳ್ಳಿಯಲ್ಲ, ಅಲ್ಯೂಮಿನಿಯಂ ಮತ್ತಿತರ ಲೋಹಗಳೂ ಸೇರಿವೆ. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲದ ಕಾರಣ ನಾನು ಹೊರಗೋಡೆಗಳನ್ನಷ್ಟೇ ಸುತ್ತಿ ನೋಡಿದೆ. ಆ ನಿಯಮ ನನಗೆ ಹಿಡಿಸಲಿಲ್ಲವೆಂಬುದು ಬೇರೆ ಮಾತು. ಕುಸುರಿಯನ್ನು ಹತ್ತಿರದಿಂದ ನೋಡಲು ಬಿಸಿಲು ಬೀಳುವ ಹೊರಗೋಡೆಗಳೇ ಸಾಕಾದವು.

ಈ ನೋಟದ ಪ್ರಯೋಜನ ಸಂಜೆ ಕಂಡಿತು. ಸಂತೆಯಲ್ಲಿ ಉಬ್ಬು ಕೆಲಸದ ಬಟ್ಟಲನ್ನೋ ಫಲಕವನ್ನೋ ಎತ್ತಿಕೊಂಡಾಗ ನಾನು ಮೊದಲು ಅದರ ಹಿಂಬದಿಯನ್ನು ನೋಡುತ್ತಿದ್ದೆ. ಕೈಯಿಂದ ಬಡಿದದ್ದಾದರೆ ಅಲ್ಲಿ ಏಟುಗಳು ಒಂದೊಂದೂ ಬೇರೆಬೇರೆ ಆಳದಲ್ಲಿ ಕಾಣುತ್ತವೆ; ಅಚ್ಚಿನಲ್ಲಿ ಒತ್ತಿದ್ದಾದರೆ ಹಿಂಬದಿಯೂ ಮುಂಬದಿಯಷ್ಟೇ ಸಮನಾಗಿರುತ್ತದೆ. ಒಡವೆಗಳಲ್ಲಿ 925 ಎಂಬ ಮುದ್ರೆಯನ್ನು ಹುಡುಕುತ್ತಿದ್ದೆ. ಅದು ನೂರಕ್ಕೆ 92.5 ಭಾಗ ಬೆಳ್ಳಿಯೆಂಬುದರ ಗುರುತು. ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದಾದ್ದರಿಂದ ಬೆಲೆಬಾಳುವ ಒಡವೆಯನ್ನು ಬೀದಿಯಲ್ಲಿ ಕೊಳ್ಳದೆ, ಅದೇ ರಸ್ತೆಯ ಅಂಗಡಿಗಳಲ್ಲಿ ರಸೀದಿಯೊಂದಿಗೆ ಕೊಳ್ಳುವುದು ಲೇಸು. ನನಗೆ ಬಹಳ ಮೆಚ್ಚುಗೆಯಾದದ್ದು ಹೊಸ ವರ್ಷದ ಸೊಂಕ್ರಾನ್ ಹಬ್ಬದಲ್ಲಿ ಪರಿಮಳದ ನೀರು ತುಂಬಿಡುವ ಸಲುಂಗ್ ಎಂಬ ಬಟ್ಟಲು. ಅದರ ಸುತ್ತ ಹನ್ನೆರಡು ವರ್ಷಗಳ ಚಕ್ರದ ಪ್ರಾಣಿಗಳನ್ನು ಬಿಡಿಸುವ ರೂಢಿಯುಂಟು. ಉಳಿದೆಡೆ ಹಂದಿಯಿರುವ ಸ್ಥಾನದಲ್ಲಿ ಉತ್ತರ ಥಾಯ್ಲೆಂಡಿನವರು ಆನೆಯನ್ನು ಇಡುತ್ತಾರೆ. ಬಟ್ಟಲಿನಲ್ಲಿ ಆನೆ ಇದೆಯೇ ಎಂದು ನೋಡುವುದು ನನಗೆ ಅಲ್ಲಿಂದ ಒಂದು ಚಟವೇ ಆಯಿತು.

ಭಾನುವಾರ ಬೆಳಿಗ್ಗೆ ಹಳೆಯ ಊರಿನ ಈಶಾನ್ಯಕ್ಕಿರುವ ಜಿಂಗ್ ಜಾಯ್ ಸಂತೆಗೆ ಹೋದೆ. ಅದು ಶನಿವಾರವೂ ಭಾನುವಾರವೂ ಬೆಳಗಿನ ಹೊತ್ತು ನಡೆಯುತ್ತದೆ. ಒಂದು ಕಡೆ ರೈತರು ತಂದ ಸೊಪ್ಪು, ಹಣ್ಣು, ಅಕ್ಕಿ, ಜೇನು. ಇನ್ನೊಂದು ಕಡೆ ಮರದ ನೆರಳಿನಲ್ಲಿ ನೀಲಿ ಬಣ್ಣದ ಬಟ್ಟೆ, ಮಣ್ಣಿನ ಪಾತ್ರೆ, ಮರದ ಸಾಮಾನು. ಇಲ್ಲಿ ಬೆಲೆ ಸ್ವಲ್ಪ ಹೆಚ್ಚು, ಚೌಕಾಸಿಗೆ ಎಡೆ ಕಡಿಮೆ. ಆದರೆ ಮಾರುವವರಲ್ಲಿ ಮಾಡಿದವರೇ ಹೆಚ್ಚಾಗಿರುವುದರಿಂದ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಮತ್ತು ಹಗಲ ಬೆಳಕಿನಲ್ಲಿ ಬಣ್ಣ ಮೋಸ ಮಾಡುವುದಿಲ್ಲ. ಬಟ್ಟೆ ಕೊಳ್ಳುವವರಿಗೆ ನಾನು ಸೂಚಿಸುವುದು ಈ ಸಂತೆಯನ್ನೇ.

ಬಟ್ಟೆಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಬೆಟ್ಟದ ಮ್ಹೊಂಗ್ ಜನರ ಹೆಂಗಸರು ಸೆಣಬಿನ ಜಾತಿಯ ನಾರಿನ ಬಟ್ಟೆಯ ಮೇಲೆ ಕಾಯಿಸಿದ ಮೇಣದಿಂದ ಗೆರೆಗಳನ್ನು ಬರೆದು, ನೀಲಿಯಲ್ಲಿ ಅದ್ದಿ, ಕೊನೆಗೆ ಮೇಣವನ್ನು ಕುದಿಸಿ ತೆಗೆಯುತ್ತಾರೆ. ಇಂಥ ಬಟ್ಟೆಯಲ್ಲಿ ನೀಲಿ ಎರಡೂ ಬದಿಗೆ ಇಳಿದಿರುತ್ತದೆ. ಯಂತ್ರದಲ್ಲಿ ಅಚ್ಚು ಹಾಕಿದ ಅನುಕರಣೆಯನ್ನು ಮಗುಚಿದರೆ ಹಿಂಬದಿ ಪೇಲವವಾಗಿ ಕಾಣುತ್ತದೆ. ಕರೆನ್ ಜನರ ನೇಯ್ಗೆಯ ಗುರುತು ಬೇರೆ. ಅವರ ಮಗ್ಗದ ಒಂದು ತುದಿಯ ಪಟ್ಟಿ ನೇಯುವವಳ ಸೊಂಟದ ಹಿಂದೆ ಹಾಯ್ದಿರುತ್ತದೆ. ಅವಳ ಮೈಯ ಎಳೆತವೇ ಹಾಸನ್ನು ಬಿಗಿಯಾಗಿ ಹಿಡಿಯುವುದರಿಂದ ಬಟ್ಟೆಯ ಅಗಲ ಸಹಜವಾಗಿಯೇ ಕಿರಿದು. ಹಾಗಾಗಿ ಅವರ ಅಂಗಿಯನ್ನು ಎರಡು ಪಟ್ಟಿಗಳನ್ನು ನಡುವೆ ಹೊಲಿದು, ತಲೆಗೆ ಮತ್ತು ತೋಳಿಗೆ ಜಾಗ ಬಿಟ್ಟು ಮಾಡುತ್ತಾರೆ. ಎದೆಯ ನಡುವೆ ಆ ಹೊಲಿಗೆಯೂ, ಪಟ್ಟಿಯ ಅಂಚಿನಲ್ಲಿ ನೇಯ್ಗೆಯ ಕರೆಯೂ ಇದ್ದರೆ ನಾನು ನಿಂತು ಬೆಲೆ ಕೇಳುತ್ತಿದ್ದೆ. ಹುಲ್ಲಿನ ಜಾತಿಯ ಒಂದು ಗಿಡದ ಬಿಳಿ ಗಟ್ಟಿ ಬೀಜಗಳನ್ನು ಮಣಿಗಳಂತೆ ಹೊಲಿದ ಕಪ್ಪು ಅಂಗಿಗಳು ಬಹಳ ಸುಂದರವಾಗಿರುತ್ತವೆ. ಅವುಗಳ ಬೆಲೆಯನ್ನು ಇಳಿಸಲು ನನಗೆ ಮನಸ್ಸೇ ಬರಲಿಲ್ಲ.

ಸಂಜೆಯ ದೊಡ್ಡ ಸಂತೆ ತಾಪೇ ಗೇಟಿನಿಂದ ವಾಟ್ ಫ್ರಾ ಸಿಂಗ್ ದೇವಾಲಯದ ಕಡೆಗೆ ರಾಚದಮ್ನೋನ್ ರಸ್ತೆಯುದ್ದಕ್ಕೂ, ಅಡ್ಡರಸ್ತೆಗಳಿಗೂ ಹರಡಿಕೊಂಡಿರುತ್ತದೆ. ಕತ್ತಲಾದ ಮೇಲೆ ಅಲ್ಲಿ ನಡೆಯುವುದೆಂದರೆ ಜನರ ತಳ್ಳಾಟದಲ್ಲಿ ತೇಲುವುದೇ ಸರಿ. ಆದ್ದರಿಂದ ವ್ಯಾಪಾರಿಗಳು ಇನ್ನೂ ಚಾಪೆ ಹಾಸುತ್ತಿರುವಾಗಲೇ ಹೋಗಿ ಕೊಳ್ಳುವುದನ್ನು ಮುಗಿಸಿ, ದೀಪ ಹತ್ತಿದ ಮೇಲೆ ಊಟಕ್ಕೆ ಇಳಿದೆ. ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಕೇಳಿಬಂದೊಡನೆ ಇಡೀ ರಸ್ತೆ ನಿಂತಲ್ಲೇ ನಿಲ್ಲುತ್ತದೆ, ನಾವೂ ನಿಲ್ಲಬೇಕು.

ಊಟದ ಮಳಿಗೆಗಳು ಹೆಚ್ಚಾಗಿ ವಾಟ್ ಫನ್ ಓನ್ ಮುಂತಾದ ದೇವಾಲಯಗಳ ಅಂಗಳದಲ್ಲಿರುತ್ತವೆ. ಭುಜ, ಮೊಣಕಾಲು ಮುಚ್ಚುವ ಉಡುಪಿನಲ್ಲಿ ಹೋಗುವುದು ಅಲ್ಲಿನ ಮರ್ಯಾದೆ. ಸಸ್ಯಾಹಾರಿಯಾದ ನನಗೆ ಕಷ್ಟ ಕೊಟ್ಟದ್ದು ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದ ಮೀನಿನ ರಸ ಮತ್ತು ಸೀಗಡಿಯ ಹಿಂಡಿ. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿಗಳನ್ನು ಕುಟ್ಟಿ ಮಾಡುವ ನಾಮ್ ಪ್ರಿಕ್ ನುಮ್ ನಮ್ಮವರ ಬಾಯಿಗೆ ಹಿಡಿಸುವಂಥದ್ದು. ಅದರಲ್ಲಿಯೂ ಮೀನು ಅಡಗಿರಬಹುದು. ಆದ್ದರಿಂದ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಮಳಿಗೆಗಳನ್ನೇ ಹುಡುಕಿದೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ತೆಂಗಿನ ಹಾಲಿನ ಸಾರಿನಲ್ಲಿ ನೂಡಲ್ಸ್ ಹಾಕಿ, ಮೇಲೆ ಕರಿದ ನೂಡಲ್ಸ್ ಉದುರಿಸಿ, ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪು ಮತ್ತು ನಿಂಬೆಯೊಂದಿಗೆ ಕೊಡುವ ಖಾವ್ ಸೋಯ್ ಅನ್ನು ನಾನು ಅಂಥ ಮಳಿಗೆಯಲ್ಲೇ ತಿಂದೆ. ನಮ್ಮ ಪಡ್ಡಿನ ಹಂಚಿನಂಥದೇ ಕುಳಿಗಳ ಹಂಚಿನಲ್ಲಿ ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲು ಹೊಯ್ದು ಬೇಯಿಸುವ ಖನೋಮ್ ಕ್ರೋಕ್ ಹೊರಗೆ ಗರಿಗರಿ, ಒಳಗೆ ಕೆನೆಯಂತೆ ಮೃದು. ಶಂಖಪುಷ್ಪದ ನೀಲಿ ಪಾನಕಕ್ಕೆ ನಿಂಬೆ ಹಿಂಡಿ ನೇರಳೆ ಮಾಡಿಕೊಡುವುದನ್ನು ಮಕ್ಕಳಂತೆ ನೋಡುತ್ತ ನಿಂತೆ. ಮಾವು ಮತ್ತು ಅಂಟಕ್ಕಿಯ ಸಿಹಿಯನ್ನು ಮಾರ್ಚ್‌ನಿಂದ ಜೂನ್‌ವರೆಗೆ ತಿಂದರೆ ಮಾತ್ರ ಅದರ ರುಚಿ. ಆದರೆ ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಹೊಲ, ಕಾಡುಗಳ ಬೆಂಕಿಯ ಹೊಗೆ ಈ ಕಣಿವೆಯನ್ನು ಮುಸುಕಿರುತ್ತದೆ. ಮಾವಿನ ಆಸೆ ಬಿಟ್ಟು, ನವೆಂಬರಿನಿಂದ ಜನವರಿಯೊಳಗೆ ಹೋಗುವುದೇ ಮೇಲು.

ಹಣದ ವಿಷಯ ಸರಳ: 20, 50, 100 ಬಾತ್‌ನ ನೋಟುಗಳನ್ನು ಮೊದಲೇ ಚಿಲ್ಲರೆ ಮಾಡಿಸಿಟ್ಟುಕೊಳ್ಳಬೇಕು. ಚೌಕಾಸಿ ಮಾಡುವಾಗ ಒಂದಕ್ಕಿಂತ ಹೆಚ್ಚು ತೆಗೆದುಕೊಂಡರೆ ಎಷ್ಟು ಎಂದು ನಗುತ್ತ ಕೇಳಿ, ಮಾರುವವರು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ ಬೆಲೆ ಒಪ್ಪಿಗೆಯಾದರೆ ಕೊಡುವುದು, ಇಲ್ಲವಾದರೆ ವಂದಿಸಿ ಮುಂದೆ ಹೋಗುವುದು. ದನಿ ಏರಿಸಿದವರಿಗೆ ಅಲ್ಲಿ ಬೆಲೆ ಇಳಿಯುವುದಿಲ್ಲ. ಬುದ್ಧನ ವಿಗ್ರಹಗಳನ್ನು ಸಂತೆಯಲ್ಲಿ ಧಾರಾಳವಾಗಿ ಮಾರುತ್ತಾರಾದರೂ ಅವನ್ನು ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಆ ಓಡಾಟಕ್ಕೆ ಬಿಡುವಿಲ್ಲದ್ದರಿಂದ ನಾನು ವಿಗ್ರಹಗಳ ಗೋಜಿಗೆ ಹೋಗದೆ ಬಟ್ಟೆಗಳನ್ನಷ್ಟೇ ಪೆಟ್ಟಿಗೆಗೆ ಮಡಿಸಿಟ್ಟು, ಸಲುಂಗ್ ಬಟ್ಟಲನ್ನು ಅವುಗಳ ನಡುವೆ ಹುದುಗಿಸಿ ತಂದೆ.