ಮಿಸ್ಸಿಸಿಪ್ಪಿ ಜಾನ್ ಹರ್ಟ್ ಶೈಲಿಯ ಗಿಟಾರ್: ಮೊದಲು ಹೆಬ್ಬೆರಳು

ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಜಾನ್ ಹರ್ಟ್ 1928ರಲ್ಲಿ ಓಕೆ ಎಂಬ ರೆಕಾರ್ಡ್ ಕಂಪನಿಗಾಗಿ ಹಾಡಿದರು. ರೆಕಾರ್ಡುಗಳು ಹೆಚ್ಚು ಮಾರಾಟವಾಗಲಿಲ್ಲ; ಆರ್ಥಿಕ ಮಹಾಕುಸಿತವೂ ಬಂತು. ಮಿಸ್ಸಿಸಿಪ್ಪಿಯ ಆವಲಾನ್ ಎಂಬ ಪುಟ್ಟ ಊರಲ್ಲಿ ಹೊಲದ ಕೆಲಸ ಮಾಡಿಕೊಂಡೇ ಇದ್ದರು. ಹಳೆಯ ಹಾಡೊಂದರಲ್ಲಿದ್ದ ಆ ಊರಿನ ಹೆಸರಿನ ಜಾಡು ಹಿಡಿದು ಬ್ಲೂಸ್ ಅಭಿಮಾನಿ ಟಾಮ್ ಹಾಸ್ಕಿನ್ಸ್ 1963ರಲ್ಲಿ ಅಲ್ಲಿಗೆ ಹೋದಾಗ ಹರ್ಟ್‌ಗೆ ಎಪ್ಪತ್ತರ ಆಸುಪಾಸು. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ನುಡಿಸಿದರು, 1966ರಲ್ಲಿ ತೀರಿಕೊಂಡರು. ಎರಡೂ ಕಾಲದ ಧ್ವನಿಮುದ್ರಣಗಳನ್ನು ಒಟ್ಟಿಗೆ ಕೇಳಿ: ಹೆಬ್ಬೆರಳಿನ ನಡೆ ಅದೇ, ಒಂದಿಷ್ಟೂ ತಡವರಿಸುವುದಿಲ್ಲ. ಕಲಿಯಬೇಕಾದ್ದು ಅದನ್ನೇ.

ಪಿಕ್ (ತಂತಿ ಮೀಟುವ ಬಿಲ್ಲೆ) ಬೇಡ, ಬರಿಗೈ ಸಾಕು. ಬಲಗೈಯ ಉಂಗುರ ಬೆರಳನ್ನು ಗಿಟಾರಿನ ಮೈಮೇಲೆ ಹಗುರವಾಗಿ ಊರಿ. ಎಡಗೈಯಲ್ಲಿ ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಹಿಡಿದು, ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಡಿ. ಒಂದೊಂದು ಎಣಿಕೆಗೆ ಒಂದರಂತೆ ಹೆಬ್ಬೆರಳಿನಿಂದ 5, 4, 6, 4ನೇ ತಂತಿ ಮೀಟಿ (ತೀರ ತೆಳುವಾದ ತಂತಿ 1ನೆಯದು, ತೀರ ದಪ್ಪನೆಯದು 6ನೆಯದು). ಆರನೆಯದಕ್ಕೆ ಬರುವಾಗ ಎಡಗೈಯ ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಿಂದ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳ ನಡುವಿನ ಮನೆ) ಆರನೆಯದರ ಮೂರನೇ ಫ್ರೆಟ್‌ಗೆ ಸರಿಯಬೇಕು. ಕಷ್ಟವಾದರೆ ಸದ್ಯಕ್ಕೆ 5, 4, 5, 4 ಸಾಕು. ಜಿ ಕಾರ್ಡ್‌ಗೆ 6, 4, 6, 4. ಡಿ ಕಾರ್ಡ್‌ಗೆ 4, 3, 4, 3. ಮಾತಾಡುತ್ತಲೇ ಇದನ್ನು ನುಡಿಸಲು ಬರುವ ತನಕ ಬೇರೆ ಬೆರಳು ಸೇರಿಸಬೇಡಿ. ಬಹುತೇಕರು ಅವಸರಪಟ್ಟು ಕೆಡಿಸಿಕೊಳ್ಳುವುದು ಇಲ್ಲೇ.

ಆಮೇಲೆ ಮೊದಲ ಎಣಿಕೆಗೆ ಹೆಬ್ಬೆರಳಿನ ಜತೆಗೇ ನಡುಬೆರಳಿನಿಂದ 1ನೇ ತಂತಿ. ಎರಡನೇ ಎಣಿಕೆ ಮುಗಿದ ಅರ್ಧಕ್ಕೆ ತೋರುಬೆರಳಿನಿಂದ 2ನೇ ತಂತಿ, ಮೂರರ ಅರ್ಧಕ್ಕೆ ಮತ್ತೆ ನಡುಬೆರಳು, ನಾಲ್ಕರ ಅರ್ಧಕ್ಕೆ ತೋರುಬೆರಳು. ಆ ಅರ್ಧ ಎಣಿಕೆಗಳಲ್ಲೇ ಹರ್ಟ್ ರಾಗದ ಲಾಲಿತ್ಯವೆಲ್ಲ ಇದೆ.

ರಾಗದತ್ತ ಗಮನ ಹೋದೊಡನೆ ಹೆಬ್ಬೆರಳು ಅದರ ಹಿಂದೆ ಓಡುತ್ತದೆ, ಇಲ್ಲವೇ ಒಂದು ಎಣಿಕೆ ನುಂಗುತ್ತದೆ. ಆಗ ಇಡೀ ಹಾಡನ್ನು ಮತ್ತೆ ಮತ್ತೆ ನುಡಿಸಿ ಪ್ರಯೋಜನವಿಲ್ಲ; ಎಡವಿದ ಎರಡೇ ಎಣಿಕೆಗಳನ್ನು 50ರ ವೇಗದಲ್ಲಿ ಸುತ್ತಿಸಿ. ಕಾರ್ಡ್ ಬದಲಿಸುವಾಗ ಲಯ ನಿಂತರೆ, ಹೊಸ ಕಾರ್ಡ್‌ನಲ್ಲಿ ಹೆಬ್ಬೆರಳಿಗೆ ಮೊದಲು ಬೇಕಾಗುವ ಮಂದ್ರ ಸ್ವರದ ಬೆರಳನ್ನೇ ಮೊದಲು ಊರಿ, ಉಳಿದವು ಹಿಂದೆ ಬರಲಿ. ಮಂದ್ರದ ಸದ್ದು ಗುಂಯ್‌ಗುಟ್ಟಿ ರಾಗವನ್ನು ಮುಚ್ಚಿದರೆ ಬಲ ಅಂಗೈಯ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಬಳಿ ದಪ್ಪ ತಂತಿಗಳ ಮೇಲೆ ತಾಗಿಸಿ.

ವೇಗವನ್ನು 5ರಂತೆ ಏರಿಸಿ. 90 ತಲುಪಿದ ಮೇಲೆ ಹಾಡಲು ತೊಡಗಿ, ಹರ್ಟ್‌ರ ಹಾಗೆ ಮೆಲುದನಿಯಲ್ಲಿ. ದನಿ ಏರಿಸಿದರೆ ಕೈಯೂ ಬಿಗಿಯಾಗುತ್ತದೆ.